ಚೆಂಡಿಲ್ಲದ ಕಡೆ

ಟಾರಿಂಗಲ್, ವಿಮ್ಮೆರಾ
2 ಏಪ್ರಿಲ್ 2023

ಶ್ರೀ ಆಲ್ಫಿಯೋ ಗ್ರಾಸ್ಸೊ ಅವರಿಗೆ,

ಮಕ್ಕಳ ಮದುವೆ ಮುಗಿದು ಎರಡು ತಿಂಗಳಾದ ಮೇಲೆ ಬೀಗರ ಕಾಗದ ಬಂತೆಂದರೆ ಏನೋ ತಕರಾರಿರಬೇಕು ಎಂದುಕೊಳ್ಳುತ್ತೀರಿ. ತಕರಾರಿದೆ. ನನ್ನ ಮಗಳು ರೋವೆನಾ ನಿಮ್ಮ ಮಗ ನಿನೋನನ್ನು ಕಟ್ಟಿಕೊಂಡದ್ದರ ಬಗ್ಗೆ ಅಲ್ಲ. ಅವತ್ತು ಊಟವಾದ ಮೇಲೆ ನೀವು ನಿಮ್ಮ ಅಣ್ಣತಮ್ಮಂದಿರ ನಡುವೆ ನಿಂತು ಆಡಿದ ಮಾತಿನ ಬಗ್ಗೆ. "ಈ ದಕ್ಷಿಣದವರ ರೂಲ್ಸ್ ಫುಟ್ಬಾಲ್ ಇದೆಯಲ್ಲ, ಅದು ಆಟ ಅಲ್ಲ. ಗಾಳಿಗೆ ಹಾರಿದ ಬಟ್ಟೆ ಹಿಡಿಯೋಕೆ ಮೂವತ್ತಾರು ಜನ ಓಡಾಡ್ತಾರೆ ಅಷ್ಟೆ" ಅಂದಿರಿ. ಎಲ್ಲರೂ ನಕ್ಕರು. ಮದುಮಗಳ ಅಪ್ಪ ಆದ್ದರಿಂದ ನಾನೂ ನಕ್ಕೆ. ತಕ್ಕ ಉತ್ತರ ಹೊಳೆದದ್ದು ವಾಪಸು ಬರುವಾಗ, ವಿಮಾನದಲ್ಲಿ.

ಫೋನ್ ಮಾಡಬಹುದಿತ್ತು. ಆದರೆ ನನ್ನ ಬಲಗಿವಿ ಸತ್ತು ವರ್ಷಗಳಾದವು, ಎಡಗಿವಿ ಆಗಾಗ ರಜೆ ಹಾಕುತ್ತದೆ. ಅದೂ ಅಲ್ಲದೆ ನಿವೃತ್ತನಾಗುವವರೆಗೂ ನಾನು ಈ ಸೀಮೆಯ ಹೊಲಮನೆಗಳಿಗೆ ಟಪಾಲು ಹಂಚಿದವನು. ಊರವರ ಕಾಗದವನ್ನೆಲ್ಲ ಹೊತ್ತೆ, ನನ್ನ ಪೆಟ್ಟಿಗೆಗೆ ಬಂದದ್ದು ಬರೀ ಬಿಲ್ಲು. ಈ ವಯಸ್ಸಿನಲ್ಲಿ ಒಂದಿಷ್ಟು ಕಾಗದ ಬರಲಿ ಎಂಬ ಆಸೆ.

ನನ್ನ ಉತ್ತರ ಇದು. ನಿಮ್ಮ ಉತ್ತರದವರ ರಗ್ಬಿ ಲೀಗ್ ಆಟವನ್ನು ಟೀವಿಯಲ್ಲಿ ನೋಡಿದ್ದೇನೆ. ಒಬ್ಬ ಚೆಂಡು ಹಿಡಿದು ಮೂವರ ಮೇಲೆ ಬೀಳುತ್ತಾನೆ, ಏಳುತ್ತಾನೆ, ಮತ್ತೆ ಬೀಳುತ್ತಾನೆ. ಅದನ್ನು ನಮ್ಮಲ್ಲಿ ಕುರಿ ಉಣ್ಣೆ ಕತ್ತರಿಸುವ ಕೊಟ್ಟಿಗೆಯಲ್ಲಿ ಬಿಟ್ಟಿಯಾಗಿ ನೋಡಬಹುದು. ಕುರಿಗಳಾದರೂ ಒಮ್ಮೊಮ್ಮೆ ಅನಿರೀಕ್ಷಿತವಾಗಿ ವರ್ತಿಸುತ್ತವೆ.

ಒಂದು ಪಂಥ. ನಿಮ್ಮ ಪಕ್ಕದ ಪಟ್ಟಣದಲ್ಲಿ ದಕ್ಷಿಣದಿಂದ ಬಂದ ಮೇಷ್ಟರುಗಳೂ ಸೈನಿಕರೂ ಸೇರಿ ಒಂದು ರೂಲ್ಸ್ ತಂಡ ಕಟ್ಟಿಕೊಂಡಿದ್ದಾರಂತೆ, ರೋವೆನಾ ಹೇಳಿದಳು. ಈ ಚಳಿಗಾಲವೆಲ್ಲ ನೀವು ಅದನ್ನು ನೋಡಿ. ಟೀವಿಯಲ್ಲಲ್ಲ, ಬೇಲಿಯ ಪಕ್ಕ ನಿಂತು. ನಾನು ಇಲ್ಲಿ ಎಲ್ಲಾದರೂ ಲೀಗ್ ಹುಡುಕಿಕೊಂಡು ಹೋಗಿ ನೋಡುತ್ತೇನೆ. ಕಂಡದ್ದನ್ನು ಕಂಡ ಹಾಗೆ ಬರೆಯಬೇಕು. ಒಪ್ಪಿಗೆಯೇ?

ಇಂತಿ,
ಲಿಂಡ್ಸೆ ಟ್ರೆವೆಲ್ಲಾ

*

ಕೂಲ್‌ಬರ್ರಾ, ಉತ್ತರ ಕ್ವೀನ್ಸ್‌ಲ್ಯಾಂಡ್
17 ಏಪ್ರಿಲ್

ಪ್ರಿಯ ಲಿಂಡ್ಸೆ,

ಕಾಗದ ಬಂದ ದಿನ ನನ್ನ ಹೆಂಡತಿ ಪಿನಾ ಅದನ್ನು ಹಿಡಿದುಕೊಂಡು ಕಬ್ಬಿನ ಗದ್ದೆಯವರೆಗೂ ಓಡಿ ಬಂದಳು. ಕೈಬರಹ ನೋಡಿ ಯಾರೋ ಸತ್ತಿದ್ದಾರೆಂದುಕೊಂಡಿದ್ದಳು. ಕುರಿಯ ವಿಷಯ ಓದಿ ಅವಳು ನಗುವುದಕ್ಕೆ ಶುರುಮಾಡಿದ್ದು ರಾತ್ರಿ ಊಟದವರೆಗೂ ನಿಲ್ಲಲಿಲ್ಲ. ನಿಮ್ಮನ್ನು ಕ್ಷಮಿಸುವುದಿಲ್ಲ.

ಪಂಥಕ್ಕೆ ಒಪ್ಪಿದೆ. ಆದರೆ ಮೊದಲು ನನ್ನ ಆಟ ಏನೆಂದು ತಿಳಿದುಕೊಂಡು ಹೋಗಿ, ಅಲ್ಲಿ ನನ್ನ ಮಾನ ಕಳೆಯಬೇಡಿ. ಎರಡು ಸಾಲು, ಎದುರುಬದುರು. ಆರು ಸಲ ಕೆಡವುತ್ತಾರೆ. ಅಷ್ಟರೊಳಗೆ ನೀವು ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಬೇಕು, ಅದನ್ನು ಟ್ರೈ ಅನ್ನುತ್ತೇವೆ. ಆಗಲಿಲ್ಲವೋ, ಚೆಂಡು ಅವರದು. ಇಷ್ಟೇ. ಒಬ್ಬ ಗಂಡಸು ಮೂರು ಜನರ ಮೇಲೆ ಓಡುತ್ತಾನೆ. ಏನಾಗುತ್ತದೆಂದು ಅವನಿಗೂ ಗೊತ್ತು, ಅವರಿಗೂ ಗೊತ್ತು, ಬೇಲಿಯಾಚೆ ನಿಂತ ನನಗೂ ಗೊತ್ತು. ಆದರೂ ಓಡುತ್ತಾನೆ. ಅದನ್ನು ನೋಡುವುದಕ್ಕೆ ನಾನು ಹೋಗುತ್ತೇನೆ.

ನಿಮ್ಮ ಅಳಿಯ ಈ ವರ್ಷ ನಮ್ಮ ಕ್ಲಬ್ಬಿನ ಕ್ಯಾಪ್ಟನ್. ಎಲ್ಲರಿಗಿಂತ ಮುಂದೆ ನುಗ್ಗುವ ಜಾಗ ಅವನದು, ನೂರಾ ಆರು ಕಿಲೋ ತೂಕ. ನಾನು ಅದೇ ಜಾಗದಲ್ಲಿ ಆಡಿದವನು, ಒದ್ದೆ ಬಟ್ಟೆಯಲ್ಲಿ ತೂಗಿದರೂ ಎಂಬತ್ತು ದಾಟುತ್ತಿರಲಿಲ್ಲ. ಆಗ ನಾವು ವಾರವೆಲ್ಲ ಕಬ್ಬು ಕಡಿದು ಭಾನುವಾರ ಆಡುತ್ತಿದ್ದೆವು. ಕೊನೆಯ ಕಾಲುಗಂಟೆಯಲ್ಲಿ ಎಲ್ಲರ ನಾಲಿಗೆ ಹೊರಗೆ, ಆಗ ಕುಳ್ಳರು ನಮ್ಮ ಕಾಲ ಸಂದಿಯಲ್ಲಿ ನುಸುಳಿ ಟ್ರೈ ಹಾಕುತ್ತಿದ್ದರು. ಈಗ ಸುಸ್ತಾದವನನ್ನು ಹೊರಗೆ ಕರೆದು ಹೊಸಬನನ್ನು ಬಿಡುತ್ತಾರೆ. ಕೊನೆಯ ನಿಮಿಷದಲ್ಲೂ ಎರಡು ಲಾರಿ ಡಿಕ್ಕಿ ಹೊಡೆದ ಹಾಗೆ. ನೋಡಲು ಭರ್ಜರಿ. ಪಿನಾ ಮಾತ್ರ ಅವನು ಆಡುವಾಗ ಬಂದು ನೋಡುವುದಿಲ್ಲ, ಮನೆಯಲ್ಲಿ ಬದನೆಕಾಯಿ ಕರಿಯುತ್ತಾಳೆ. ಗೆದ್ದರೂ ಸೋತರೂ ನಮಗೆ ಬದನೆಕಾಯಿ.

ಈ ಸಾಲು ಓದಿ ಅವಳು ಕೋಪಮಾಡಿಕೊಂಡಿದ್ದಾಳೆ, ನಿಲ್ಲಿಸುತ್ತೇನೆ.

ನಿಮ್ಮ
ಆಲ್ಫಿಯೋ

*

ಟಾರಿಂಗಲ್
15 ಮೇ

ಪ್ರಿಯ ಆಲ್ಫಿಯೋ,

ಲೀಗ್ ಸಿಕ್ಕಿತು. ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. ಅಲ್ಲಿನ ಮಾಂಸದ ಕಾರ್ಖಾನೆಗೆ ಸಮೋವಾ, ಟೋಂಗಾ ದ್ವೀಪಗಳ ಕಡೆಯಿಂದ ಬಂದವರು ಒಂದು ತಂಡ ಕಟ್ಟಿದ್ದಾರೆ. ಮೈದಾನ ಕುದುರೆ ಓಟದ ಕಣದ ಹಿಂದೆ, ಅರ್ಧ ಹುಲ್ಲು ಅರ್ಧ ಮಣ್ಣು. ನಮ್ಮ ಊರಲ್ಲಿ ಮೈದಾನದ ಸುತ್ತ ಕಾರು ನಿಲ್ಲಿಸಿಕೊಂಡು ಒಳಗೆ ಬಿಸಿ ಚಹಾ ಕುಡಿಯುತ್ತ ನೋಡುವುದು, ಗೋಲಾದರೆ ಹಾರ್ನ್ ಹೊಡೆಯುವುದು ಪದ್ಧತಿ. ಅಭ್ಯಾಸಬಲದಿಂದ ಕಾರಿನಲ್ಲೇ ಕೂತೆ. ಐದು ನಿಮಿಷವಾಗಿರಲಿಲ್ಲ, ಒಬ್ಬ ದಪ್ಪನೆಯ ಹೆಂಗಸು ಬಂದು ಗಾಜು ತಟ್ಟಿದಳು.

"ಯಾರ ಕಡೆಯವರು ನೀವು?"

"ಯಾರ ಕಡೆಯೂ ಅಲ್ಲ. ಸುಮ್ಮನೆ ನೋಡೋಕೆ ಬಂದೆ."

"ಹಂಗಾದ್ರೆ ನಮ್ಮ ಕಡೆ. ಇಳೀರಿ, ಊಟ ಆರಿ ಹೋಗುತ್ತೆ."

ಅವಳ ಹೆಸರು ಲೂಪೆ. ಅವಳ ಇಬ್ಬರು ಗಂಡುಮಕ್ಕಳು ಮೈದಾನದೊಳಗೆ ಆಡುತ್ತಿದ್ದರು. ತೆಂಗಿನ ಹಾಲಿನಲ್ಲಿ ಬೇಯಿಸಿದ ಕೆಸುವಿನ ಎಲೆ, ಹಂದಿಮಾಂಸ, ಒಂದು ತಟ್ಟೆ ತುಂಬ. ನನ್ನ ಹೆಂಡತಿ ಹೋದ ಮೇಲೆ ಯಾರೂ ನನಗೆ ಬಡಿಸಿ ಎದುರು ನಿಂತು ತಿನ್ನಿಸಿರಲಿಲ್ಲ.

ಇನ್ನು ಆಟ. ಕಂಡದ್ದು ಕಂಡ ಹಾಗೆ ಎಂದಿದ್ದೆನಲ್ಲ. ಅದು ಎದೆಗೆ ಕೇಳಿಸುತ್ತದೆ. ಮೊದಲ ಸಲ ಅವರ ಹುಡುಗ ಓಡಿ ಬಂದು ಡಿಕ್ಕಿ ಹೊಡೆದಾಗ ಆ ಸದ್ದು ಕಿವಿಯಿಂದ ಬರಲಿಲ್ಲ, ಇಲ್ಲಿ ಪಕ್ಕೆಲುಬಿನೊಳಗೆ ಬಂತು. ಕಿವುಡನಿಗೂ ಕೇಳಿಸುವ ಆಟ ನಿಮ್ಮದು. ಇನ್ನೊಂದು ಒಪ್ಪಿಕೊಳ್ಳುತ್ತೇನೆ: ಎಲ್ಲರೂ ಎದುರಿನಿಂದಲೇ ಬರುತ್ತಾರೆ. ನಮ್ಮಲ್ಲಿ ಯಾವನು ಯಾವ ದಿಕ್ಕಿನಿಂದ ಬರುತ್ತಾನೋ ದೇವರಿಗೇ ಗೊತ್ತು.

ಆದರೆ ಒಂದು ದೂರು. ಹತ್ತು ಜನ ಚೆಂಡಿನ ಹತ್ತಿರ, ಉಳಿದವರು ಸಾಲಿನಲ್ಲಿ ಕೈ ಕಟ್ಟಿಕೊಂಡು ಬಸ್ಸಿಗೆ ಕಾದ ಹಾಗೆ. ಕಣ್ಣಿಗೆ ಕೆಲಸ ಕಡಿಮೆ. ಇದನ್ನು ಲೂಪೆಗೆ ಹೇಳಿದೆ. "ನಿಮ್ಮ ಮಗ ಒಳಗಿದ್ರೆ ಕಣ್ಣಿಗೆ ಕೆಲಸ ಜಾಸ್ತಿ ಆಗುತ್ತೆ" ಅಂದಳು.

ಇಂತಿ,
ಲಿಂಡ್ಸೆ

*

ಕೂಲ್‌ಬರ್ರಾ
12 ಜೂನ್

ಪ್ರಿಯ ಲಿಂಡ್ಸೆ,

ನಿಮ್ಮ ರೂಲ್ಸ್ ನೋಡಿ ಬಂದೆ, ಎರಡು ಸಲ. ಕುತ್ತಿಗೆ ನೋವಿಗೆ ಪಿನಾ ಎಣ್ಣೆ ತಿಕ್ಕುತ್ತಿದ್ದಾಳೆ. ಅಷ್ಟು ದೊಡ್ಡ ಮೈದಾನ ಯಾಕೆ? ಆ ಕಡೆ ಮೂಲೆಯಲ್ಲಿ ಏನೋ ಆಗುತ್ತಿದೆ ಎಂದು ನಾನು ಕಣ್ಣು ಕಿರಿದು ಮಾಡುವಷ್ಟರಲ್ಲಿ ಚೆಂಡು ನನ್ನ ತಲೆಯ ಮೇಲೆ ಹಾರಿ ಹೋಗಿರುತ್ತದೆ. ಗೆರೆ ಇಲ್ಲ, ಸಾಲು ಇಲ್ಲ, ಯಾರು ಯಾವ ಕಡೆ ಎಂಬ ಲೆಕ್ಕವೂ ಇಲ್ಲ. ಅಂಕ ಕೊಡುವ ರೀತಿ ಇನ್ನೂ ಚೆಂದ. ನಡುವಿನ ಕಂಬಗಳ ಮಧ್ಯೆ ಒದ್ದರೆ ಆರು. ಗುರಿ ತಪ್ಪಿ ಪಕ್ಕಕ್ಕೆ ಹೋದರೂ ಒಂದು. ತಪ್ಪಿದವನಿಗೂ ಸಮಾಧಾನಕ್ಕೆ ಅಂಕ ಕೊಡುವ ಆಟವನ್ನು ನಾನು ಎಲ್ಲೂ ಕಂಡಿಲ್ಲ. ಈ ನಿಯಮ ಕಬ್ಬು ಬೆಳೆಯುವವರಿಗೂ ಇರಬೇಕಿತ್ತು.

ಒಂದು ಮಾತ್ರ ನಿಜ. ಒಬ್ಬ ಉದ್ದನೆಯ ಹುಡುಗ, ಗಣಿತದ ಮೇಷ್ಟರು ಅಂದರು, ಇನ್ನೊಬ್ಬನ ಬೆನ್ನಿಗೆ ಮಂಡಿಯಿಟ್ಟು ಮೇಲೆದ್ದ. ಎದ್ದವನು ಬೇಗ ಇಳಿಯಲೇ ಇಲ್ಲ. ಚೆಂಡು ಬರುವವರೆಗೂ ಅಲ್ಲೇ ಮೇಲೆ ಇದ್ದ. ನನ್ನ ಬಾಯಿಂದ ಅಮ್ಮನ ಭಾಷೆಯಲ್ಲಿ ಏನೋ ಬಂತು, ಪಕ್ಕದವರು ತಿರುಗಿ ನೋಡಿದರು.

ಇಲ್ಲಿ ಕಬ್ಬು ಕಟಾವು ಶುರುವಾಗಿದೆ. ನಿನೋಗೆ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ. ಹೋದ ತಿಂಗಳು ಅವನಿಗೆ ತಲೆಗೆ ಸ್ವಲ್ಪ ಪೆಟ್ಟಾಗಿ ಎರಡು ವಾರ ಆಡಲಿಲ್ಲ. ಈಗ ಸರಿಹೋಗಿದ್ದಾನೆ. ಡಾಕ್ಟರು ಆಡಬಹುದು ಅಂದ ವಿಷಯ ಅವನು ನಮ್ಮ ಮನೆಗೆ ಬಂದು ಹೇಳಿದಾಗ ರೋವೆನಾ ಪಾತ್ರೆ ತೊಳೆಯುತ್ತಿದ್ದಳು. ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು.

ಕುತ್ತಿಗೆಗೆ ಏನಾದರೂ ಉಪಾಯವಿದ್ದರೆ ತಿಳಿಸಿ.

ನಿಮ್ಮ
ಆಲ್ಫಿಯೋ

*

ಟಾರಿಂಗಲ್
3 ಜುಲೈ

ಪ್ರಿಯ ಆಲ್ಫಿಯೋ,

ಉಪಾಯ ಸುಲಭ. ಚೆಂಡನ್ನು ನೋಡಬೇಡಿ. ಚೆಂಡು ಎಲ್ಲಿದೆಯೋ ಅಲ್ಲಿ ಆಗಬೇಕಾದದ್ದು ಆಗಿಹೋಗಿರುತ್ತದೆ. ಚೆಂಡಿಲ್ಲದ ಕಡೆ ನೋಡಿ. ಒಬ್ಬನನ್ನು ಆರಿಸಿಕೊಂಡು ಅವನ ಹಿಂದೆಯೇ ಕಣ್ಣಿಡಿ. ಅವನು ಎಲ್ಲಿ ಹೆಜ್ಜೆ ಹಾಕುತ್ತಾನೆ, ಯಾರನ್ನು ನೋಡುತ್ತಾನೆ, ಯಾವಾಗ ಸುಮ್ಮನೆ ನಿಲ್ಲುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಚೆಂಡು ತಾನಾಗಿ ಅಲ್ಲಿಗೆ ಬರುತ್ತದೆ, ನೀವು ಮೊದಲೇ ಅಲ್ಲಿರುತ್ತೀರಿ. ನನಗೆ ಇದನ್ನು ಕಲಿಸಿದವನು ನನ್ನ ಅಣ್ಣ ಕೀತ್. ಈಗ ಅವನು ಇಲ್ಲಿನ ವೃದ್ಧರ ಆರೈಕೆಮನೆಯಲ್ಲಿದ್ದಾನೆ. ಗುರುವಾರ ಹೋಗಿ ನೋಡಿ ಬರುತ್ತೇನೆ. ಕೆಲವು ಗುರುವಾರ ನಾನು ಅವನಿಗೆ ತಮ್ಮ, ಕೆಲವು ಗುರುವಾರ ಅಪ್ಪ.

ನಮ್ಮ ಆಟವೂ ಬದಲಾಗಿದೆ. ನಾನು ಗೋಲಿನ ಮುಂದೆ ಕಾಯುವವನಾಗಿದ್ದೆ. ಕೆಸರಿನಲ್ಲಿ ಎದುರಾಳಿಯ ಪಕ್ಕ ನಿಂತು ಗೋಧಿಯ ಧಾರಣೆ ಮಾತಾಡುತ್ತಿದ್ದೆ. ಚೆಂಡು ಬಂದರೆ ಒಬ್ಬರ ಮೇಲೊಬ್ಬರು ಬೀಳುತ್ತಿದ್ದೆವು, ಹೋದ ಮೇಲೆ ಮತ್ತೆ ಗೋಧಿ. ಈಗಿನವರಿಗೆ ಗೋಧಿ ಮಾತಾಡಲು ಪುರುಸೊತ್ತಿಲ್ಲ, ಮೈದಾನದ ಈ ಕೊನೆಯಿಂದ ಆ ಕೊನೆಗೆ ಓಡುತ್ತಲೇ ಇರುತ್ತಾರೆ. ಭುಜ ಕೊಟ್ಟು ಗುದ್ದುವುದು ಆಗ ದೊಡ್ಡ ಕಲೆ. ಈಗ ತಲೆಗೆ ತಾಗಿದರೆ ಗುದ್ದಿದವನು ವಾರಗಟ್ಟಲೆ ಹೊರಗೆ. ಮೊನ್ನೆ ಕ್ಲಬ್ಬಿನಲ್ಲಿ ಬ್ಯಾರಿ ಎಂಬ ನನ್ನ ಹಳೆಯ ಜತೆಗಾರ ಗೊಣಗುತ್ತಿದ್ದ, "ಆಟ ಮೆತ್ತಗಾಯ್ತು ಕಣೋ, ನೋಡೋಕೆ ಏನೂ ಉಳೀಲಿಲ್ಲ." ಬಿಯರ್ ಸುರಿಯುತ್ತಿದ್ದವಳು ನಮ್ಮ ಹೆಂಗಸರ ತಂಡದ ಕ್ಯಾಪ್ಟನ್. "ಮಂಗಳವಾರ ನಮ್ಮ ಪ್ರಾಕ್ಟೀಸಿಗೆ ಬಾ ಬ್ಯಾರಿ, ಮೆತ್ತಗಿದೆಯಾ ಅಂತ ನೋಡಿ ಹೋಗು" ಅಂದಳು. ಬ್ಯಾರಿ ಗ್ಲಾಸಿನೊಳಗೆ ನೋಡಿದ.

ನನಗೆ ಆ ಗುದ್ದು ಕಾಣದೆ ಮೊದಮೊದಲು ಉಪ್ಪಿಲ್ಲದ ಊಟದಂತಿತ್ತು. ಈಗ ಅಭ್ಯಾಸವಾಗಿದೆ. ಗುದ್ದು ಇಲ್ಲದ್ದರಿಂದ ಹುಡುಗರು ತಲೆ ಬಗ್ಗಿಸಿ ಚೆಂಡಿಗೆ ಕೈ ಹಾಕುತ್ತಾರೆ, ಕೈಚಳಕ ಹೆಚ್ಚಾಗಿದೆ.

ಮಗಳು ತಟ್ಟೆ ಎರಡು ಸಲ ತೊಳೆಯುವುದು ಅವಳ ಅಮ್ಮನಿಂದ ಬಂದದ್ದು.

ಇಂತಿ,
ಲಿಂಡ್ಸೆ

*

ಕೂಲ್‌ಬರ್ರಾ
30 ಜುಲೈ

ಪ್ರಿಯ ಲಿಂಡ್ಸೆ,

ನೀವು ನನ್ನನ್ನು ಕೆಡಿಸಿದಿರಿ.

ನೀವು ಹೇಳಿದಂತೆ ಒಬ್ಬನನ್ನು ಆರಿಸಿಕೊಂಡೆ. ಕೆಂಪು ಗಡ್ಡದವನು, ಸೈನ್ಯದವನಿರಬೇಕು. ಅವನು ಉಸಿರುಕಟ್ಟಿ ಓಡಿದ, ಚೆಂಡು ಬರಲಿಲ್ಲ. ವಾಪಸು ನಡೆದ. ಮತ್ತೆ ಓಡಿದ, ಬರಲಿಲ್ಲ. ಹೀಗೇ ಎಷ್ಟೋ ಸಲ. ಯಾರೂ ಅವನನ್ನು ಗಮನಿಸಲಿಲ್ಲ, ಅವನ ಹಿಂದೆ ಕಾವಲಿಗಿದ್ದವನೊಬ್ಬನನ್ನು ಬಿಟ್ಟು. ಇನ್ನೊಂದು ಸಲ ಓಡಿದಾಗ ಆ ಕಾವಲುಗಾರನೂ ಜತೆಗೆ ಓಡಿದ, ಇಬ್ಬರೂ ಬಿಟ್ಟುಹೋದ ಖಾಲಿ ಜಾಗಕ್ಕೆ ಗಣಿತದ ಮೇಷ್ಟರು ಆರಾಮವಾಗಿ ನಡೆದು ಬಂದು ಗೋಲು ಹೊಡೆದರು. ಜನ ಮೇಷ್ಟರಿಗೆ ಚಪ್ಪಾಳೆ ತಟ್ಟಿದರು. ನಾನು ಕೆಂಪು ಗಡ್ಡಕ್ಕೆ ತಟ್ಟಿದೆ. ಕಣ್ಣಲ್ಲಿ ನೀರು ಬಂತು ಅಂದರೆ ನಗಬೇಡಿ, ಬಿಸಿಲಿತ್ತು.

ತೊಂದರೆ ಏನೆಂದರೆ, ಈಗ ನಮ್ಮ ಲೀಗ್ ನೋಡಲು ಹೋದರೂ ಕಣ್ಣು ಚೆಂಡಿನ ಮೇಲೆ ನಿಲ್ಲುವುದಿಲ್ಲ. ಜನ ಎದ್ದು ಕೂಗುವಾಗ ನಾನು ಇನ್ನೆಲ್ಲೋ ನೋಡುತ್ತಿರುತ್ತೇನೆ. ಬಸ್ಸಿಗೆ ಕಾಯುತ್ತಾರೆ ಅಂದಿದ್ದಿರಲ್ಲ, ಅವರು ಕಾಯುತ್ತಿಲ್ಲ. ಏಳುತ್ತಿರುತ್ತಾರೆ. ಕೆಡವಿದವರೂ ಬಿದ್ದವರೂ ಎದ್ದು ಓಡಿ ಮತ್ತೆ ಸಾಲಿಗೆ ಸೇರಿಕೊಳ್ಳುವುದು, ಅದೇ ಅರ್ಧ ಆಟ. ಅರವತ್ತು ವರ್ಷ ನೋಡಿದ ಆಟದಲ್ಲಿ ನಾನು ಅದನ್ನು ಕಂಡಿರಲಿಲ್ಲ.

ನಮ್ಮವರು ಈ ವರ್ಷ ಗೆಲ್ಲುತ್ತಾರೆ. ಆಗಸ್ಟ್ ಕೊನೆಗೆ ಸೆಮಿಫೈನಲ್, ಮುಂದಿನ ವಾರ ಫೈನಲ್. ಕಪ್ ಈ ಊರಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಕಸಾಯಿಯವನು ಅಂಗಡಿಯ ಗಾಜಿನ ಮೇಲೆ ನಿನೋನ ಹೆಸರು ಬರೆಸಿದ್ದಾನೆ, ಸಾಸೇಜಿನ ದರದ ಪಕ್ಕದಲ್ಲಿ.

ನಿಮ್ಮ
ಆಲ್ಫಿಯೋ

*

ಟಾರಿಂಗಲ್
18 ಸೆಪ್ಟೆಂಬರ್

ಪ್ರಿಯ ಆಲ್ಫಿಯೋ,

ಆಗಸ್ಟಿನಲ್ಲಿ ಬರೆದ ಕಾಗದಕ್ಕೆ ಉತ್ತರ ಬರಲಿಲ್ಲ. ರೋವೆನಾಗೆ ಫೋನ್ ಮಾಡಿದ್ದೆ. "ನಿನೋ ಫೈನಲ್ ಆಡಲಿಲ್ಲಪ್ಪ. ಅವನೂ ಅವರಪ್ಪನೂ ಮಾತಾಡ್ತಿಲ್ಲ. ನೀನೇನೂ ಕೇಳೋಕೆ ಹೋಗ್ಬೇಡ" ಅಂದಳು. ಕೇಳುವುದಿಲ್ಲ.

ಇಲ್ಲಿ ಸಾಸಿವೆ ಹೂಬಿಟ್ಟು ಹೊಲವೆಲ್ಲ ಹಳದಿಯಾಗಿದೆ. ನಮ್ಮ ಕ್ಲಬ್ ಮೊದಲ ಸುತ್ತಿನಲ್ಲೇ ಸೋತು ಮನೆಗೆ ಬಂತು. ಲೂಪೆಯ ತಂಡ ಗೆದ್ದಿತು, ಕುಣಿತದಲ್ಲಿ ನನ್ನನ್ನೂ ಎಳೆದರು.

ಉತ್ತರ ಬರೆಯಲೇಬೇಕೆಂದಿಲ್ಲ. ನಾನಂತೂ ಟಪಾಲಿನವನು, ಪೆಟ್ಟಿಗೆ ತೆಗೆದು ನೋಡುವ ಅಭ್ಯಾಸ ಬಿಡುವುದಿಲ್ಲ.

ಇಂತಿ,
ಲಿಂಡ್ಸೆ

*

ಕೂಲ್‌ಬರ್ರಾ
27 ಸೆಪ್ಟೆಂಬರ್

ಲಿಂಡ್ಸೆ,

ಹೇಳುತ್ತೇನೆ. ಈ ಊರಲ್ಲಿ ಹೇಳಿಕೊಳ್ಳಲು ಯಾರೂ ಉಳಿದಿಲ್ಲ.

ಸೆಮಿಫೈನಲ್. ನಾವು ನಾಲ್ಕು ಅಂಕ ಮುಂದಿದ್ದೆವು. ಮುಗಿಯಲು ಹತ್ತು ಹನ್ನೆರಡು ನಿಮಿಷ. ನಿನೋ ಎದುರಾಳಿಯನ್ನು ತಡೆಯಲು ತಲೆ ತಗ್ಗಿಸಿ ಹೋದ, ಅವನ ಸೊಂಟ ಇವನ ಕಪಾಲಕ್ಕೆ ಬಡಿಯಿತು. ಚೆಂಡು ಕೂಡಲೇ ಇನ್ನೊಬ್ಬನ ಕೈಗೆ ಹೋಯಿತು, ಅವನು ಆಚೆ ಬದಿಗೆ ಓಡಿದ. ಇಡೀ ಮೈದಾನ ಎದ್ದು ಆ ಕಡೆ ತಿರುಗಿತು. ರೆಫರಿ ತಿರುಗಿದ, ಗಾಯದ ಉಪಚಾರಕ್ಕೆ ನಿಂತಿದ್ದ ಕೆರ್ರಿ ತಿರುಗಿದಳು. ನಾನೊಬ್ಬ ತಿರುಗಲಿಲ್ಲ.

ಅವನು ಎದ್ದ. ಎರಡು ಹೆಜ್ಜೆ ಹಾಕಿದ. ನಮ್ಮ ಸಾಲು ಎಡಗಡೆ ಇತ್ತು. ಅವನು ಬಲಗಡೆ ಹೋಗಿ ಎದುರಾಳಿಗಳ ಸಾಲಿನಲ್ಲಿ ನಿಂತುಕೊಂಡ, ಮಂಡಿಯ ಮೇಲೆ ಕೈಯೂರಿ, ಅವರವನೇ ಎಂಬಂತೆ. ಅವರಲ್ಲೊಬ್ಬ ಏನೋ ಅಂದ. ನಿನೋ ಅವನ ಮುಖ ನೋಡಿದ, ತನ್ನ ಅಂಗಿ ನೋಡಿಕೊಂಡ, ನಿಧಾನವಾಗಿ ನಡೆದು ನಮ್ಮ ಕಡೆ ಬಂದ. ಎಲ್ಲ ಸೇರಿ ಮೂರು ಉಸಿರಿನಷ್ಟು ಹೊತ್ತು. ಜನ ಮತ್ತೆ ಈ ಕಡೆ ತಿರುಗುವಷ್ಟರಲ್ಲಿ ಅವನು ತನ್ನ ಜಾಗದಲ್ಲಿದ್ದ.

ನಾನು ಕೆಳಗಿಳಿದು ಬೇಲಿ ದಾಟಿದೆ. ಕೆರ್ರಿಗೆ ಹೇಳಿದೆ, "ನಿನೋನ ಹೊರಗೆ ಕರಿ."

"ಯಾಕೆ, ಚೆನ್ನಾಗೇ ಇದ್ದಾನಲ್ಲ?"

"ಇಲ್ಲ. ಅವನಿಗೆ ತಾನು ಯಾರ ಕಡೆ ಅಂತ ಗೊತ್ತಿಲ್ಲ."

ಕ್ಲಬ್ ಅಧ್ಯಕ್ಷ ಬ್ರೂನೋ ಓಡಿ ಬಂದ. ನಾವಿಬ್ಬರೂ ಒಟ್ಟಿಗೆ ಆಡಿದವರು. "ಆಲ್ಫ್, ತಲೆ ಕೆಟ್ಟಿದೆಯಾ? ಈಗ ಹೊರಗೆ ಬಂದ್ರೆ ಡಾಕ್ಟ್ರು ನೋಡ್ತಾರೆ, ಮುಂದಿನ ವಾರ ಆಡಬೇಡ ಅಂತಾರೆ, ಫೈನಲ್ ಹೋಯ್ತು. ಯಾರೂ ಏನೂ ನೋಡಿಲ್ಲ ಕಣಯ್ಯಾ."

"ನಾನು ನೋಡಿದೆ."

ಕೆರ್ರಿ ಒಳ್ಳೆಯ ಹುಡುಗಿ, ಕರೆದಳು. ನಿನೋ ನನ್ನ ಮುಂದೆಯೇ ಹಾದುಹೋದ. "ನಂಗೇನೂ ಆಗಿಲ್ಲ. ಏನ್ ಮಾಡ್ತಿದ್ದೀಯಪ್ಪಾ ನೀನು?" ಅಂದ. ಡಾಕ್ಟರು ಇವತ್ತು ಯಾರ ಜತೆ ಆಟ ಅಂತ ಕೇಳಿದರೆ ಹೋದ ವಾರದ ತಂಡದ ಹೆಸರು ಹೇಳಿದ. ಅವರು ಬರೆದುಕೊಂಡರು, ಅಲ್ಲಿಗೆ ಮುಗಿಯಿತು.

ಆ ದಿನ ಹೇಗೋ ಗೆದ್ದೆವು. ಫೈನಲ್ಲಿನಲ್ಲಿ ಅವನು ಕೋಟು ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದ. ಎರಡು ಅಂಕದಿಂದ ಸೋತೆವು. ಅವನಿದ್ದಿದ್ದರೆ ಗೆಲ್ಲುತ್ತಿದ್ದೆವು ಎಂದು ಊರೆಲ್ಲ ಹೇಳುತ್ತದೆ, ನಾನೂ ಹೇಳುತ್ತೇನೆ. ಅವತ್ತು ಸಂಜೆ ಕ್ಲಬ್ಬಿಗೆ ಹೋದರೆ ಬ್ರೂನೋ, "ನಿನ್ನ ಕಣ್ಣು ಬಹಳ ಚುರುಕಪ್ಪಾ ಆಲ್ಫ್" ಅಂದ. ಅಷ್ಟೇ ಅಂದ. ಆಮೇಲೆ ನಾನು ಹೋಗಿಲ್ಲ. ನಿನೋ ಪಾಳಿಗೆ ಹೋಗುವಾಗ ನನ್ನ ಗದ್ದೆಯ ಪಕ್ಕದಲ್ಲೇ ಗಾಡಿ ಓಡಿಸಿಕೊಂಡು ಹೋಗುತ್ತಾನೆ. ಇಲ್ಲಿ ಗುರುತಿಲ್ಲದವರಿಗೂ ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತುವುದು ರೂಢಿ. ಅವನು ಎತ್ತುವುದಿಲ್ಲ. ರೋವೆನಾ ಮಾತ್ರ ಪ್ರತಿ ಭಾನುವಾರ ಒಬ್ಬಳೇ ಬಂದು ಪಿನಾಳ ಜತೆ ಅಡುಗೆಮನೆಯಲ್ಲಿ ಇದ್ದು ಹೋಗುತ್ತಾಳೆ. ಹೋಗುವಾಗ ನನ್ನ ಭುಜ ಮುಟ್ಟುತ್ತಾಳೆ.

ನಾನು ಮಾಡಿದ್ದು ಸರಿ ಅಂತ ಮಾತ್ರ ಬರೆಯಬೇಡಿ. ಅದನ್ನು ಪಿನಾ ದಿನಾ ಹೇಳುತ್ತಾಳೆ.

ಆಲ್ಫಿಯೋ

*

ಟಾರಿಂಗಲ್
6 ಅಕ್ಟೋಬರ್

ಆಲ್ಫಿಯೋ,

ಬರೆಯುವುದಿಲ್ಲ. ನಿನಗೆ ಬೇರೆ ಒಂದು ವಿಷಯ ಹೇಳುತ್ತೇನೆ.

ನನ್ನ ಅಣ್ಣ ಕೀತ್ ಈ ಸೀಮೆಯಲ್ಲೇ ಹೆಸರಾದ ಆಟಗಾರ. 1978ರ ಫೈನಲ್ಲಿನಲ್ಲಿ ಅವನ ಕಣ್ಣು ಚೆಂಡಿನ ಮೇಲಿದ್ದಾಗ ಪಕ್ಕದಿಂದ ಒಬ್ಬ ಭುಜ ಕೊಟ್ಟ. ಆಗಿನ ನಿಯಮದಲ್ಲಿ ಅದು ನ್ಯಾಯವಾದ ಗುದ್ದು. ಕೀತ್ ಬಿದ್ದ, ಎದ್ದ, ಚೆಂಡು ಅವನ ಕೈಗೇ ಬಂತು. ತಿರುಗಿ ನಮ್ಮದೇ ಗೋಲಿನ ಕಡೆ ಒದ್ದ. ಎಷ್ಟು ಚೆಂದವಾಗಿ ಒದ್ದ ಅಂದರೆ ನೇರ ನಡುವಿನಿಂದ ಹೋಯಿತು. ಮೈದಾನವೆಲ್ಲ ಬಿದ್ದು ಬಿದ್ದು ನಕ್ಕಿತು. ಕಾರುಗಳು ಹಾರ್ನ್ ಹೊಡೆದವು. ಅವನು ಕೊನೆಯವರೆಗೂ ಆಡಿದ.

ಆ ಕಥೆ ನಲವತ್ತು ವರ್ಷ ಕ್ಲಬ್ಬಿನ ಪ್ರತಿ ಔತಣದಲ್ಲೂ ನಡೆಯಿತು. ಎಲ್ಲರಿಗಿಂತ ಚೆನ್ನಾಗಿ ಹೇಳುತ್ತಿದ್ದವನು ಕೀತ್‌ನೇ. ಮಾಂಸ ತುಂಬಿದ ಪೈ ಮಾರುವವನು ನಕ್ಕು ನಕ್ಕು ತಟ್ಟೆ ಬೀಳಿಸಿದ್ದು, ಅವನ ಟೋಪಿ ಸಾಸಿನೊಳಗೆ ಬಿದ್ದದ್ದು, ಎಲ್ಲ ಅಭಿನಯಿಸಿ ತೋರಿಸುತ್ತಿದ್ದ. ಒಂದು ವರ್ಷ ಕೇಳುತ್ತ ಕೂತಿದ್ದಾಗ ನನಗೆ ಥಟ್ಟನೆ ಅನ್ನಿಸಿತು: ಪೈ ಅಂಗಡಿ ಇದ್ದದ್ದು ಬೇಲಿಯ ಆಚೆ, ಇವನು ಇದ್ದದ್ದು ಮೈದಾನದ ನಡುವೆ. ಇವನು ಅದನ್ನು ನೋಡಿರಲು ಸಾಧ್ಯವೇ ಇಲ್ಲ. ಅವನು ಹೇಳುತ್ತಿದ್ದದ್ದು ಬೇಲಿಯ ಪಕ್ಕ ನಿಂತವರು ಕಂಡದ್ದನ್ನು. ಅವನದೇ ಆದ ನೆನಪು ಅದರಲ್ಲಿ ಒಂದೂ ಇರಲಿಲ್ಲ.

ಸಾವಿರ ಜನ ನೋಡಿದ್ದರು, ಆಲ್ಫಿಯೋ. ಒಬ್ಬನೂ ಬೇಲಿ ದಾಟಲಿಲ್ಲ. ದಾಟಬೇಕೆಂದು ಯಾರಿಗೂ ಗೊತ್ತಿರಲಿಲ್ಲ.

ನಿನ್ನೆ ಗುರುವಾರ. ನಿನ್ನ ಕಾಗದವನ್ನು ಕೀತ್‌ಗೆ ಓದಿ ಹೇಳಿದೆ. ಅರ್ಥವಾಯಿತೋ ಇಲ್ಲವೋ. ಮುಗಿದ ಮೇಲೆ, "ಆ ಹುಡುಗನಿಗೆ ಈಗ ಹೆಂಗಿದೆ?" ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಅದನ್ನಾದರೂ ಬರೆ.

ನಿನ್ನ
ಲಿಂಡ್ಸೆ

*

ಕೂಲ್‌ಬರ್ರಾ
14 ನವೆಂಬರ್

ಪ್ರಿಯ ಲಿಂಡ್ಸೆ,

ಕೀತ್‌ಗೆ ಹೇಳು, ಹುಡುಗ ಪರವಾಗಿಲ್ಲ. ಒಂದು ತಿಂಗಳು ಬೆಳಕು ನೋಡಿದರೆ ತಲೆನೋವು ಬರುತ್ತಿತ್ತು, ಅದನ್ನು ಎಲ್ಲರಿಂದ ಮುಚ್ಚಿಟ್ಟಿದ್ದ, ರೋವೆನಾಳಿಂದ ಮಾತ್ರ ಆಗಲಿಲ್ಲ. ಈಗ ಹೋಗಿದೆ. ಜನವರಿಯಲ್ಲಿ ಟೌನ್ಸ್‌ವಿಲ್ಲಿನಲ್ಲಿ ದೊಡ್ಡ ಡಾಕ್ಟರನ್ನು ನೋಡುತ್ತಾನೆ, ಅವರು ಆಡಬೇಡ ಅಂದರೆ ಆಡುವುದಿಲ್ಲ ಅಂತ ರೋವೆನಾಗೆ ಮಾತು ಕೊಟ್ಟಿದ್ದಾನೆ. ಪಿನಾ ಕ್ರಿಸ್ಮಸ್ಸಿಗೆ ನೀನು ಬರಲೇಬೇಕು ಅನ್ನುತ್ತಾಳೆ. ಬಿಸಿಲಿಗೆ ಹೆದರಬೇಡ, ಮಾವಿನಹಣ್ಣು ಇರುತ್ತದೆ.

ಇನ್ನು ನಡೆದದ್ದು. ಕಟಾವು ಮುಗಿದ ಮೇಲಿನ ಭಾನುವಾರ, ಮಧ್ಯಾಹ್ನ ರೋವೆನಾ ಬಂದಳು. ಅವಳ ಹಿಂದೆ ನಿನೋ. ಪಿನಾ ಇನ್ನೊಂದು ತಟ್ಟೆ ಇಟ್ಟಳು. ಊಟವಾಯಿತು. ಮಳೆ ಬರುತ್ತದೋ ಇಲ್ಲವೋ ಎಂದು ನಾವೆಲ್ಲ ಬಹಳ ಹೊತ್ತು ಚರ್ಚೆ ಮಾಡಿದೆವು. ಹೆಂಗಸರಿಬ್ಬರೂ ಎದ್ದು ಒಳಗೆ ಹೋದರು. ಅವನು ಬ್ರೆಡ್ಡಿನ ಚೂರನ್ನು ಬೆರಳಲ್ಲಿ ಉರುಳಿಸುತ್ತಿದ್ದ.

"ಅಪ್ಪಾ, ಅವತ್ತಿನ ಆಟ ನಂಗೆ ನೆನಪಿಲ್ಲ."

"ಯಾವ ಭಾಗ, ಕೊನೆಯದಾ?"

"ಯಾವುದೂ. ಬಸ್ಸು ಹತ್ತಿದ್ದು ನೆನಪಿದೆ. ಆಮೇಲೆ ಡಾಕ್ಟ್ರು. ನಡುವೆ ಏನೂ ಇಲ್ಲ. ಟ್ರೈ ಹಾಕಿದೀನಿ ಅಂತ ಪೇಪರಲ್ಲಿ ಓದಿದೆ. ಎಲ್ಲರೂ ಅದರ ಬಗ್ಗೆ ಮಾತಾಡ್ತಾರೆ, ನಾನು ಹೂಂ ಹೂಂ ಅಂತೀನಿ."

"ವೀಡಿಯೋ ಇದೆಯಂತಲ್ಲ."

"ನೋಡಿದೆ. ಯಾರೋ ಬೇರೆಯವನ ಥರ ಕಾಣ್ತಾನೆ. ಅದೂ ಅಲ್ದೆ ಕ್ಯಾಮೆರಾ ಬರೀ ಚೆಂಡಿನ ಹಿಂದೆ ಓಡುತ್ತೆ." ಬ್ರೆಡ್ಡಿನ ಚೂರನ್ನು ಕೆಳಗಿಟ್ಟ. "ನೀನು ನನ್ನನ್ನೇ ನೋಡ್ತಿದ್ಯಂತೆ. ರೋವೆನಾ ಹೇಳಿದ್ಲು. ಹೇಳು, ಏನಾಯ್ತು."

ಹೇಳಿದೆ, ಲಿಂಡ್ಸೆ. ಮೊದಲಿನಿಂದ. ನಾಣ್ಯ ಚಿಮ್ಮಿದಾಗ ಅವನು ಸೋತು ಮುಖ ಸಿಂಡರಿಸಿದ್ದು. ಮೊದಲ ಸಲ ಓಡಿದಾಗ ಎದುರಿನ ದಡಿಯನೊಬ್ಬ ಹಿಂದೆ ಸರಿದದ್ದು. ಹೊಸ ಹುಡುಗನೊಬ್ಬ ಚೆಂಡು ಬಿಟ್ಟಾಗ ಇವನು ಬೈಯದೆ ಅವನ ಬೆನ್ನು ತಟ್ಟಿದ್ದು, ಅದನ್ನು ಯಾವ ಕ್ಯಾಮೆರಾವೂ ಹಿಡಿದಿಲ್ಲ. ಆಮೇಲೆ ಟ್ರೈ. ಮುಂದೆ ನುಗ್ಗುವವರು ಟ್ರೈ ಹಾಕುವುದು ವರ್ಷಕ್ಕೊಂದು ಸಲ. ಚೆಂಡು ಕೈಗೆ ಬರುವ ಮೊದಲೇ ಇವನು ಎಡಕ್ಕೆ ಎರಡು ಹೆಜ್ಜೆ ಜರುಗಿದ್ದ, ಯಾರಿಗೂ ಕಾಣದ ಹಾಗೆ. ಮೂವರು ಮೇಲೆ ಬಿದ್ದರು. ಅವರನ್ನು ಹೊತ್ತುಕೊಂಡೇ ಹೋದ. ಗೆರೆಯ ಹತ್ತಿರ ಮಂಡಿಯೂರಿದ, ಮಂಡಿಯ ಮೇಲೇ ತೆವಳಿದ, ಕೈ ಚಾಚಿ ಒತ್ತಿದ. ಎದ್ದಾಗ ಬಾಯಿ ತುಂಬ ಹುಲ್ಲು, ನಗುತ್ತಿದ್ದ.

ಕೊನೆಗೆ ಆ ಪೆಟ್ಟು ಬಂತು. ಅದನ್ನೂ ಹೇಳಿದೆ. ಯಾರ ಸೊಂಟ, ಎಲ್ಲಿ ತಾಗಿತು, ಹೇಗೆ ಎದ್ದ, ಯಾವ ಕಡೆ ನಡೆದ, ಯಾರ ಸಾಲಿನಲ್ಲಿ ನಿಂತ.

ಅವನು ಕೇಳಿದ, "ಆಮೇಲೆ?"

"ಆಮೇಲೆ ನಾನು ಇಳಿದು ಬಂದೆ."

ಒಳಗೆ ನಲ್ಲಿಯ ನೀರು ನಿಂತಿತ್ತು. ಹೆಂಗಸರಿಬ್ಬರೂ ಬಾಗಿಲ ಹಿಂದೆ ಇದ್ದರು, ನೆರಳು ಕಾಣುತ್ತಿತ್ತು. ನಿನೋ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡ.

"ಆ ಟ್ರೈ ಇನ್ನೊಂದ್ಸಲ ಹೇಳಪ್ಪಾ," ಅಂದ. "ನಿಧಾನಕ್ಕೆ."

ಹೇಳಿದೆ.

ನಿನ್ನ
ಆಲ್ಫಿಯೋ